ಫಿಲಡೆಲ್ಫಿಯಾದ ತಂಗಿಗೆ: ಮುಪ್ಪಿನ ವಸತಿ ಆರಿಸುವ ಬಗ್ಗೆ

ತಂಗೀ,

ಸಿಂಧನೂರಿನಲ್ಲಿ ಒಬ್ಬರೇ ಇರುವ ಅತ್ತೆಯವರನ್ನು ಫಿಲಡೆಲ್ಫಿಯಾಕ್ಕೆ ಕರೆಸಿಕೊಂಡು, ನಾವು ಗಂಡಹೆಂಡತಿ ಇರುವಂಥ, ಕೊನೆಯವರೆಗೂ ಆರೈಕೆ ಸಿಗುವ ಹಿರಿಯರ ವಸತಿಗೆ ಸೇರಿಸಬಹುದೆ ಎಂದೂ, ಆ ವಸತಿಯನ್ನು ನಾವು ಹೇಗೆ ಆರಿಸಿದೆವು ಎಂದೂ ಕೇಳಿದ್ದೀರಿ. ತಮ್ಮನ ಮಗಳ ಮದುವೆಗೆಂದು ಹದಿನೈದು ದಿನದ ಮಟ್ಟಿಗೆ ರಾಯಚೂರಿಗೆ ಬಂದಿರುವ ನಾನು, ಮದುವೆಮನೆಯ ಗದ್ದಲ ಇಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅತ್ತೆಯವರ ವಿಷಯ. ನೀವಿಬ್ಬರೂ ಕೆಲಸದ ವೀಸಾದ ಮೇಲೆ ಬಂದು ಎಂಟು ತಿಂಗಳಾಗಿದೆ. ತಂದೆತಾಯಿಗೆ ಗ್ರೀನ್ ಕಾರ್ಡ್ ಕೇಳುವ ಹಕ್ಕು ಅಮೆರಿಕದ ಪೌರರಾದ ಮಕ್ಕಳಿಗೆ ಮಾತ್ರ ಇದೆ; ನೀವು ಪೌರರಾಗುವವರೆಗೆ ಅತ್ತೆಯವರು ಪ್ರವಾಸಿ ವೀಸಾದಲ್ಲಿ ಬಂದು ಸಾಮಾನ್ಯವಾಗಿ ಆರು ತಿಂಗಳವರೆಗೆ ಇದ್ದು ಹೋಗಬಹುದು, ಅಷ್ಟೆ. ಮುಂದೆ ಗ್ರೀನ್ ಕಾರ್ಡ್ ಸಿಕ್ಕರೂ, ಅಲ್ಲಿ ದುಡಿಯದ ಹಿರಿಯರು ಸತತ ಐದು ವರ್ಷ ನೆಲೆಸಿದ ಮೇಲೆಯೇ ತಿಂಗಳ ಕಂತು ಕಟ್ಟಿ ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆ, ಪಡೆಯಬಹುದು. ವಸತಿಗಳವರಂತೂ ಆರೋಗ್ಯವನ್ನೂ ಆಸ್ತಿಯನ್ನೂ ಪರಿಶೀಲಿಸಿ, ಸೇರುವ ದಿನ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಮೊನ್ನೆ ಸಿಂಧನೂರಿಗೆ ಹೋಗಿ ನಿಮ್ಮ ಅತ್ತೆಯವರನ್ನು ಕಂಡು ಬಂದೆ. ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಓಣಿಯ ಮೂವರು ಬಂದು ಮಾತಾಡಿಸಿ ಹೋದರು. ಬೇಳೆಯಲ್ಲಿಯ ಹರಳನ್ನು ಅವರು ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕುತ್ತಿದ್ದರು, ಏಕೆಂದರೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆ ಪೊರೆ ತೆಗೆಸಿ, ರಾತ್ರಿ ಜೊತೆಗಿರಲು ನಂಬಿಕೆಯ ಹೆಣ್ಣುಮಗಳೊಬ್ಬಳನ್ನು ಗೊತ್ತು ಮಾಡುವುದು ಈ ವರ್ಷವೇ ಆಗಬೇಕಾದ ಕೆಲಸ.

ಇನ್ನು ನಮ್ಮ ವಸತಿ. ರಾಯಚೂರಿನಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆ, ಆಪರೇಷನ್ ಆಗುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ಹಾಸಿಗೆ ಹಿಡಿದವರು ವರ್ಷಗಟ್ಟಲೆ ಇರುವ ಆರೈಕೆಯ ಮನೆ. ಸ್ವತಂತ್ರವಾಗಿ ಇರುವವರ ಫ್ಲಾಟುಗಳು, ಸ್ನಾನಕ್ಕೂ ಮಾತ್ರೆಗೂ ನೆರವು ಸಿಗುವ ಅಸಿಸ್ಟೆಡ್ ಲಿವಿಂಗ್, ಮರೆವಿನ ಕಾಯಿಲೆಯವರ ವಿಭಾಗ ಮತ್ತು ಈ ನರ್ಸಿಂಗ್ ಹೋಂ, ನಮ್ಮಂಥ ವಸತಿಯಲ್ಲಿ ಎಲ್ಲವೂ ಒಂದೇ ಆವರಣದಲ್ಲಿರುತ್ತವೆ. ಮೆಡಿಕೇರ್ ಇದ್ದರೆ ಇದೆಲ್ಲ ಏಕೆ ಬೇಕು ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಸಾಮಾನ್ಯ ಮೆಡಿಕೇರ್, ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು ಬಂದವರಿಗೆ, ನುರಿತ ಶುಶ್ರೂಷೆ ಬೇಕಿದ್ದರಷ್ಟೇ, ನರ್ಸಿಂಗ್ ಹೋಮಿನ ಗರಿಷ್ಠ 100 ದಿನಗಳಿಗೆ ನೆರವು ಕೊಡುತ್ತದೆ, ಅದರಲ್ಲೂ ಪೂರ್ತಿ ಖರ್ಚು ಮೊದಲ 20 ದಿನಗಳಿಗೆ ಮಾತ್ರ. ದಿನವೂ ಮೀಯಿಸಿ, ಉಡಿಸಿ, ಉಣಿಸುವ ದೀರ್ಘ ಆರೈಕೆಗೆ ಅದು ಹಣ ಕೊಡುವುದಿಲ್ಲ. ಬಡವರಿಗಾಗಿ ಇರುವ ಸರ್ಕಾರಿ ನೆರವಾದ ಮೆಡಿಕೈಡ್ ಕೊಡುತ್ತದೆ, ಆದರೆ ಉಳಿತಾಯ ಹೆಚ್ಚುಕಡಿಮೆ ಕರಗಿಹೋದವರಿಗೆ, ಅದೂ ಹಿಂದಿನ ಐದು ವರ್ಷಗಳಲ್ಲಿ ಯಾರಿಗಾದರೂ ಆಸ್ತಿ ಕೊಟ್ಟಿದ್ದರೆ ಅದರ ಲೆಕ್ಕ ಕೇಳಿ.

ಆದ್ದರಿಂದ ಆರಿಸುವಾಗ ಈಜುಕೊಳವನ್ನೂ ಊಟದ ಕೋಣೆಯನ್ನೂ ಬದಿಗಿಟ್ಟು ಕರಾರನ್ನು ಓದಬೇಕು. ಟೈಪ್ ಎ ಎಂಬ ಕರಾರಿನಲ್ಲಿ ಸೇರುವಾಗ ಕಟ್ಟುವ ಹಣ ದೊಡ್ಡದು, ಆದರೆ ಮುಂದೆ ಎಷ್ಟೇ ಆರೈಕೆ ಬೇಕಾದರೂ ತಿಂಗಳ ಹಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಟೈಪ್ ಬಿ ಎಂಬುದರಲ್ಲಿ ಇಂತಿಷ್ಟು ದಿನಗಳ ಆರೈಕೆ ಸೇರಿರುತ್ತದೆ ಅಥವಾ ದರದಲ್ಲಿ ರಿಯಾಯಿತಿ ಇರುತ್ತದೆ. ಟೈಪ್ ಸಿ ಸೇರುವಾಗ ಅಗ್ಗ, ಆದರೆ ಆರೈಕೆ ಬೇಕಾದ ದಿನದಿಂದ ಪೂರ್ತಿ ಪೇಟೆಯ ದರ ಕೊಡಬೇಕು, ಮತ್ತು ಪೆನ್ಸಿಲ್ವೇನಿಯಾದಲ್ಲಿ ನರ್ಸಿಂಗ್ ಹೋಮಿನ ಖರ್ಚು ತಿಂಗಳಿಗೆ 10,000 ಡಾಲರ್ ಸುಲಭವಾಗಿ ದಾಟುತ್ತದೆ. ನಾವು ಮನೆ ಮಾರಿದ ಹಣದಲ್ಲಿ ಟೈಪ್ ಎ ತೆಗೆದುಕೊಂಡೆವು. ಸೇರಿದ ಮೂರನೆಯ ವರ್ಷ ನನ್ನ ಹೆಂಡತಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನರ್ಸಿಂಗ್ ವಿಭಾಗದಲ್ಲಿ ನಾಲ್ಕು ತಿಂಗಳಿದ್ದು, ಈಗ ಅಸಿಸ್ಟೆಡ್ ಲಿವಿಂಗಿನಲ್ಲಿದ್ದಾಳೆ. ನಮ್ಮ ಬಿಲ್ಲಿನಲ್ಲಿ ಹೆಚ್ಚಾದದ್ದು ಅವಳ ಹೆಚ್ಚುವರಿ ಊಟದ ಹಣ ಮಾತ್ರ. ಸಂಜೆ ನಾಲ್ಕಕ್ಕೆ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಮೇಲೆ ಸೂರಿರುವ ದಾರಿಯಲ್ಲಿ ನಡೆದರೆ, ಹಿಮ ಬೀಳುತ್ತಿದ್ದರೂ ಐದು ನಿಮಿಷಕ್ಕೆ ಅವಳ ಕೋಣೆ ಮುಟ್ಟುತ್ತೇನೆ. ಅವಳನ್ನು ಅಲ್ಲಿ ಬಿಟ್ಟು ಈ ಮದುವೆಗೆ ಬರುವ ಧೈರ್ಯ ನನಗೆ ಬಂದದ್ದು ಆ ಕರಾರಿನಿಂದ.

ಸೇರುವಾಗ ಕಟ್ಟಿದ ಹಣವನ್ನು ಹಿಂದಿರುಗಿಸುವ ಮಾತಿನಲ್ಲಿ ಬಹಳ ಎಚ್ಚರ ಬೇಕು. ಮೊದಲು ನೋಡಿದ ಒಂದು ವಸತಿಯಲ್ಲಿ, ನಾವು ತೀರಿಕೊಂಡರೆ ಶೇಕಡ 90ರಷ್ಟು ಹಣ ಮಕ್ಕಳಿಗೆ ಬರುತ್ತದೆ ಎಂದು ಹೇಳಿದರು. ಕರಾರಿನಲ್ಲಿ ನೋಡಿದರೆ, ನಮ್ಮ ಫ್ಲಾಟಿಗೆ ಹೊಸಬರು ಹಣ ಕಟ್ಟಿ ಬಂದ ಮೇಲೆ ಎಂದಿತ್ತು, ಗಡುವೇ ಇರಲಿಲ್ಲ. ಲೆಕ್ಕಪರಿಶೋಧಕರ ವರದಿ ಕೇಳಿದಾಗ ಬಣ್ಣದ ಪುಸ್ತಿಕೆ ಕೊಟ್ಟರು, ನಾವು ಎದ್ದು ಬಂದೆವು. ಸಂಸ್ಥೆ ದಿವಾಳಿಯಾದರೆ ಬ್ಯಾಂಕು, ಬಾಂಡು ಕೊಂಡು ಸಾಲ ಕೊಟ್ಟವರು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದರಲ್ಲಿ ನಮ್ಮ ಸರದಿ ಬರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಈ ವಸತಿಗಳು ರಾಜ್ಯದ ವಿಮಾ ಇಲಾಖೆಯ ಅಧೀನದಲ್ಲಿವೆ. ಸಂಸ್ಥೆಯ ಹಣಕಾಸಿನ ವಿವರಗಳಿರುವ ಪತ್ರವನ್ನು ಕರಾರಿಗೆ ಮುಂಚೆಯೇ ಅವರು ನಮಗೆ ಕೊಡಬೇಕು. ಅದರಲ್ಲಿ ಎಷ್ಟು ಮನೆಗಳು ತುಂಬಿವೆ, ಸಾಲ ಎಷ್ಟಿದೆ, ಹಿಂದಿನ ಐದು ವರ್ಷ ತಿಂಗಳ ಹಣ ಹೇಗೆ ಏರಿದೆ ಎಂಬುದನ್ನು ನೋಡಬೇಕು. ನಮ್ಮ ತಪ್ಪೇನೂ ಇಲ್ಲದೆ ಹಣ ತೀರಿಹೋದರೆ ಹೊರಗೆ ಕಳಿಸುತ್ತೀರಾ ಎಂಬ ಪ್ರಶ್ನೆಗೆ ಉತ್ತರವನ್ನು ಬರವಣಿಗೆಯಲ್ಲೇ ಕೇಳಿರಿ.

ನೋಡಲು ಹೋದಾಗ ನರ್ಸಿಂಗ್ ವಿಭಾಗವನ್ನು ಕೊನೆಗೆ, ಅವಸರದಲ್ಲಿ ತೋರಿಸುತ್ತಾರೆ. ನಾವು ಈಗಿರುವ ವಸತಿಗೆ ರಾತ್ರಿ ಊಟದ ಹೊತ್ತಿಗೆ ಮತ್ತೊಮ್ಮೆ ಹೋಗಿ ಒಂದು ಗಂಟೆ ಸುಮ್ಮನೆ ಕೂತೆವು. ಒಬ್ಬ ಮುದುಕಿ ಸೂಪು ಮುಟ್ಟದೆ ಕೂತಿದ್ದಾಗ, ಕೆಲಸದ ಹುಡುಗಿ ಕುರ್ಚಿ ಎಳೆದುಕೊಂಡು ಅವರ ಎತ್ತರಕ್ಕೆ ಕೂತು, ಚಮಚವನ್ನು ಅವರ ಕೈಗೇ ಕೊಟ್ಟು ಕಾದಳು. ಎಷ್ಟು ವರ್ಷದಿಂದ ಇದ್ದೀಯಮ್ಮ ಎಂದರೆ ಹನ್ನೊಂದು ಎಂದಳು. ನಾವು ಅಲ್ಲಿಯೇ ನಿರ್ಧರಿಸಿದೆವು.

ಮಾತಿನ ಚಿಂತೆ ಮಾತ್ರ ನನಗೆ ಇನ್ನೂ ಇದೆ. ಮರೆವಿನ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿನುಡಿ ಉಳಿಯುತ್ತದೆ. ಆ ವಿಭಾಗದಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲವಾದ್ದರಿಂದ ನೀರು, ನೋವು, ಚಳಿ, ಬಚ್ಚಲು ಎಂಬಂಥ ಮೂವತ್ತು ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅರ್ಥದೊಡನೆ ನಮ್ಮಿಬ್ಬರ ಕಡತದಲ್ಲಿ ಹಾಕಿಸಿದ್ದೇನೆ.

ನಾನು ಬರುವ ತಿಂಗಳು ಹಿಂದಿರುಗುತ್ತೇನೆ. ಒಂದು ಭಾನುವಾರ ನೀವಿಬ್ಬರೂ ಊಟಕ್ಕೆ ಬನ್ನಿರಿ. ನಮ್ಮ ಕರಾರನ್ನು ಮೇಜಿನ ಮೇಲೆ ಇಟ್ಟಿರುತ್ತೇನೆ, ನಿಮ್ಮ ಅತ್ತೆಯವರು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನೂ ತರುತ್ತಿದ್ದೇನೆ.