ಪಕ್ಕದ ರಾಜ್ಯದಲ್ಲಿ ಗೆದ್ದ ಜೂಜಿನ ಹಣ: ತೆರಿಗೆ ಯಾವ ರಾಜ್ಯಕ್ಕೆ?

ಪ್ರಶ್ನೆ: ನಾವು ದಂಪತಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಚೆರಿ ಹಿಲ್‌ನಲ್ಲಿ ವಾಸವಾಗಿದ್ದೇವೆ. ಮಕ್ಕಳಿಲ್ಲ. ಇಬ್ಬರ ಸಂಬಳ ಸೇರಿ ವರ್ಷಕ್ಕೆ 1,20,000 ಡಾಲರ್ ಬರುತ್ತದೆ. 2025ರಲ್ಲಿ ಪೆನ್ಸಿಲ್ವೇನಿಯಾದ ಬೆನ್ಸೇಲಂನ ಕ್ಯಾಸಿನೊ ಒಂದರ ಸ್ಲಾಟ್ ಯಂತ್ರದಲ್ಲಿ ನನಗೆ 12,000 ಡಾಲರ್ ಬಂತು. ಅದೇ ವರ್ಷ ಬೇರೆ ದಿನಗಳಲ್ಲಿ ಅಲ್ಲಿಯೇ 3,000 ಡಾಲರ್ ಕಳೆದುಕೊಂಡೆ. ಲಾಸ್ ವೇಗಸ್ ಪ್ರವಾಸದಲ್ಲಿ 4,000 ಡಾಲರ್ ಗೆದ್ದೆ. ಎರಡೂ ಕಡೆ ಜೂಜಿನ ಗೆಲುವನ್ನು ದಾಖಲಿಸುವ ಡಬ್ಲ್ಯು-2ಜಿ ನಮೂನೆ ಕೊಟ್ಟರು, ಆದರೆ ತೆರಿಗೆ ಹಿಡಿಯಲಿಲ್ಲ. ನನ್ನ ಪತಿಯ ಕಚೇರಿ ಪೆನ್ಸಿಲ್ವೇನಿಯಾದಲ್ಲಿದ್ದರೂ ಎರಡು ರಾಜ್ಯಗಳ ಒಪ್ಪಂದದಿಂದಾಗಿ ಅವರು ಅಲ್ಲಿ ರಾಜ್ಯ ತೆರಿಗೆ ಕಟ್ಟುವುದಿಲ್ಲ. ಆ ಒಪ್ಪಂದ ಗೆಲುವಿನ ಹಣಕ್ಕೂ ಅನ್ವಯಿಸುತ್ತದೆಯೆ? ನೆವಾಡಾದಲ್ಲಿ ಆದಾಯ ತೆರಿಗೆಯೇ ಇಲ್ಲವೆಂದ ಮೇಲೆ ಅಲ್ಲಿನ ಹಣವನ್ನು ನ್ಯೂಜೆರ್ಸಿಗೆ ತೋರಿಸಬೇಕೆ?

ಉತ್ತರ: ನೆವಾಡಾದ ವಿಷಯ ಸುಲಭವಾದುದರಿಂದ ಅದನ್ನು ಮೊದಲು ಮುಗಿಸೋಣ. ನೀವು ಯಾವ ರಾಜ್ಯದ ಪೂರ್ಣಾವಧಿ ನಿವಾಸಿಯೋ ಆ ರಾಜ್ಯವು, ಆದಾಯ ತೆರಿಗೆ ವಿಧಿಸುವ ರಾಜ್ಯವಾಗಿದ್ದರೆ, ಹಣ ಎಲ್ಲಿ ಹುಟ್ಟಿತೆಂದು ಕೇಳದೆ ನಿಮ್ಮ ಒಟ್ಟು ಆದಾಯವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ತೆರಿಗೆ ಬೇಡವೆಂದದ್ದು ನೆವಾಡಾ, ನ್ಯೂಜೆರ್ಸಿಯಲ್ಲ. ಆದ್ದರಿಂದ ಆ 4,000 ಡಾಲರನ್ನು ನ್ಯೂಜೆರ್ಸಿಯ ರಿಟರ್ನ್‌ನಲ್ಲಿ ತೋರಿಸಲೇಬೇಕು. ಅಲ್ಲಿ ಏನೂ ಕಟ್ಟಿಲ್ಲವಾದ್ದರಿಂದ ಅದರ ಮೇಲೆ ಕ್ರೆಡಿಟ್ (ಹೊರರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ತವರು ರಾಜ್ಯದ ತೆರಿಗೆಯಿಂದ ಕಳೆಯುವ ಅವಕಾಶ) ಕೂಡ ಸಿಗುವುದಿಲ್ಲ. ಬೇ ಏರಿಯಾದಿಂದ ರೀನೊ ಅಥವಾ ವೇಗಸ್‌ಗೆ ಹೋಗಿಬರುವ ಕ್ಯಾಲಿಫೋರ್ನಿಯಾ ಕನ್ನಡಿಗರಿಗೂ ಇದೇ ಮಾತು. ಕ್ಯಾಲಿಫೋರ್ನಿಯಾ ತನ್ನದೇ ಲಾಟರಿಯ ಬಹುಮಾನಕ್ಕೆ ತೆರಿಗೆ ಹಾಕುವುದಿಲ್ಲವೆಂಬುದು ನಿಜ, ಆದರೆ ಆ ರಿಯಾಯಿತಿ ಹೊರರಾಜ್ಯದ ಲಾಟರಿಗಾಗಲಿ ಕ್ಯಾಸಿನೊಗಾಗಲಿ ದಾಟುವುದಿಲ್ಲ.

ಪೆನ್ಸಿಲ್ವೇನಿಯಾದ ಗೆಲುವಿಗೆ ಎರಡು ರಾಜ್ಯಗಳ ಹಕ್ಕಿದೆ. ನಿಮ್ಮ ಪತಿಗೆ ಅನುಕೂಲವಾಗಿರುವ ಪರಸ್ಪರ ಒಪ್ಪಂದವು ಸಂಬಳ ಮತ್ತು ಅದರಂತಹ ದುಡಿಮೆಯ ಪ್ರತಿಫಲಕ್ಕೆ ಮಾತ್ರ ಸಂಬಂಧಿಸಿದ್ದು. ಬಾಡಿಗೆ, ವ್ಯಾಪಾರದ ಲಾಭ, ಜೂಜಿನ ಗೆಲುವು ಇವೆಲ್ಲ ಅದರ ಹೊರಗಿವೆ. ಪೆನ್ಸಿಲ್ವೇನಿಯಾವು ತನ್ನ ನೆಲದಲ್ಲಿ ಇಟ್ಟ ಪಣದಿಂದ ಬಂದ ಗೆಲುವಿಗೆ ಅನಿವಾಸಿಗಳಿಂದಲೂ ಶೇ 3.07ರ ತೆರಿಗೆ ವಸೂಲಿ ಮಾಡುತ್ತದೆ, ಮತ್ತು ಆ ರಾಜ್ಯದ ಮೂಲದಿಂದ 33 ಡಾಲರ್ ಮೀರಿದ ಆದಾಯವಿದ್ದವರೆಲ್ಲ ರಿಟರ್ನ್ ಸಲ್ಲಿಸಬೇಕೆಂಬ ಅಲ್ಲಿನ ಮಿತಿ ಎಷ್ಟು ಕೆಳಗಿದೆಯೆಂದರೆ ನಿಮ್ಮಂಥವರು ಅದರಿಂದ ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ.

ತೆರಿಗೆ ಹಿಡಿಯಲಿಲ್ಲವೆಂಬ ಕಾರಣಕ್ಕೆ ತೆರಿಗೆಯಿಲ್ಲವೆಂದು ತಿಳಿಯುವವರು ಬಹಳ. ಸ್ಲಾಟ್ ಯಂತ್ರದ ಗೆಲುವಿಗೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ತೆರಿಗೆಯನ್ನು ಕ್ಯಾಸಿನೊದಲ್ಲಿ ಮುರಿದುಕೊಳ್ಳುವುದಿಲ್ಲ. ಪೆನ್ಸಿಲ್ವೇನಿಯಾದ ಕಡಿತವು ಕೇಂದ್ರದ ಕಡಿತವನ್ನೇ ಹಿಂಬಾಲಿಸುವುದರಿಂದ ಅದೂ ಆಗುವುದಿಲ್ಲ. ಡಬ್ಲ್ಯು-2ಜಿಯ 15ನೆಯ ಚೌಕ ಖಾಲಿ ಇರುವುದನ್ನು ನೋಡಿ ರಾಜ್ಯದ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ನಮೂನೆ ಬಂದಿಲ್ಲವೆಂಬುದೂ ನೆಪವಾಗದು. ಸ್ಲಾಟ್ ಗೆಲುವಿಗೆ 2025ರವರೆಗೆ 1,200 ಡಾಲರ್ ಮತ್ತು 2026ರಿಂದ 2,000 ಡಾಲರ್ ಮುಟ್ಟಿದಾಗ ನಮೂನೆ ಕೊಡುತ್ತಾರೆ. ಅದಕ್ಕಿಂತ ಕಡಿಮೆಯದೂ ತೆರಿಗೆಗೆ ಒಳಪಟ್ಟ ಆದಾಯವೇ.

ಈಗ ಕೆಲಸದ ಕ್ರಮ. ಮೊದಲು ಪೆನ್ಸಿಲ್ವೇನಿಯಾದ ರಿಟರ್ನ್ ತಯಾರಿಸಿ, ಅದರ ತೆರಿಗೆ ಎಷ್ಟೆಂದು ಖಚಿತವಾದ ಮೇಲೆಯೇ ನ್ಯೂಜೆರ್ಸಿಯದನ್ನು ಮುಗಿಸಿ. ಹಿಂದುಮುಂದಾದರೆ ಕ್ರೆಡಿಟ್‌ನ ಅಂಕಿಯನ್ನು ಊಹಿಸಿ ಬರೆಯಬೇಕಾಗುತ್ತದೆ. ಪೆನ್ಸಿಲ್ವೇನಿಯಾದ ರಿಟರ್ನ್ ಆದ ಪಿಎ-40 ನಮೂನೆಯಲ್ಲಿ ಅನಿವಾಸಿಯೆಂದು ಗುರುತು ಹಾಕಿ, ಜೂಜಿನ ಗೆಲುವಿಗೆಂದೇ ಇರುವ ಷೆಡ್ಯೂಲ್ ಟಿ ಭರ್ತಿ ಮಾಡಿ. ಆ ರಾಜ್ಯವು ಗೆಲುವಿನಿಂದ ಅದೇ ವರ್ಷದ ಪಣದ ಹಣವನ್ನು ಕಳೆಯಲು ಬಿಡುತ್ತದೆ, ಆದರೆ ಪೆಟ್ರೋಲ್, ಊಟ, ಹೋಟೆಲ್ ಕೋಣೆ ಇವನ್ನು ಒಪ್ಪುವುದಿಲ್ಲ. ನಿಮ್ಮ 12,000ದಿಂದ 3,000 ಕಳೆದರೆ 9,000 ಉಳಿಯುತ್ತದೆ. ಅದರ ಮೇಲಿನ ತೆರಿಗೆ ಸುಮಾರು 276 ಡಾಲರ್.

ನ್ಯೂಜೆರ್ಸಿಯಲ್ಲಿ ನಿವಾಸಿಗಳ ರಿಟರ್ನ್ ಆದ ಎನ್‌ಜೆ-1040ರ 24ನೆಯ ಸಾಲಿಗೆ ಗೆಲುವಿನಿಂದ ಸೋಲನ್ನು ಕಳೆದ ನಿವ್ವಳ ಮೊತ್ತ ಹೋಗಬೇಕು. ನಿಮ್ಮ ವಿಷಯದಲ್ಲಿ ಅದು 13,000: ಬೆನ್ಸೇಲಂನ 9,000, ವೇಗಸ್‌ನ 4,000. ಒಟ್ಟು ಆದಾಯ 1,33,000 ಆಗುತ್ತದೆ. ಇಬ್ಬರಿಗೆ ತಲಾ 1,000ದ ವಿನಾಯಿತಿ ಕಳೆದು, ಬೇರೆ ಯಾವ ಕಡಿತವೂ ಇಲ್ಲವೆಂದಿಟ್ಟುಕೊಂಡರೆ, ಜಂಟಿ ರಿಟರ್ನ್‌ನ ದರದಲ್ಲಿ ತೆರಿಗೆ ಸುಮಾರು 4,463 ಡಾಲರ್. ಹೊರರಾಜ್ಯದ ತೆರಿಗೆಗೆ ಕ್ರೆಡಿಟ್ ಪಡೆಯುವ ಎನ್‌ಜೆ-ಸಿಒಜೆ ಷೆಡ್ಯೂಲ್ ಇಲ್ಲಿ ಒಂದು ಮಿತಿಯನ್ನು ಹಾಕುತ್ತದೆ: ಎರಡೂ ರಾಜ್ಯ ತೆರಿಗೆ ಹಾಕಿದ ಆದಾಯವನ್ನು ಒಟ್ಟು ಆದಾಯದಿಂದ ಭಾಗಿಸಿ, ಆ ಪಾಲನ್ನು ನ್ಯೂಜೆರ್ಸಿ ತೆರಿಗೆಗೆ ಗುಣಿಸಿದಾಗ ಬಂದಷ್ಟೇ ಗರಿಷ್ಠ ಕ್ರೆಡಿಟ್. ನಿಮಗೆ ಅದು ಸುಮಾರು 302 ಡಾಲರ್ ಆಗುತ್ತದೆ. ನೀವು ಕಟ್ಟಿದ್ದು 276 ಆದ್ದರಿಂದ ಅಷ್ಟೂ ಸಿಗುತ್ತದೆ. ಗೆಲುವಿನಿಂದಾಗಿ ಹೆಚ್ಚಿದ ರಾಜ್ಯ ತೆರಿಗೆ ಒಟ್ಟು 718 ಡಾಲರ್; ಅದರಲ್ಲಿ 276 ಪೆನ್ಸಿಲ್ವೇನಿಯಾಕ್ಕೆ, 442 ನ್ಯೂಜೆರ್ಸಿಗೆ. ಅಷ್ಟೂ ಹಣವನ್ನು ನಿಮ್ಮದೇ ರಾಜ್ಯದ ಅಟ್ಲಾಂಟಿಕ್ ಸಿಟಿಯಲ್ಲಿ ಗೆದ್ದಿದ್ದರೂ ಹೊರೆ ಇಷ್ಟೇ ಇರುತ್ತಿತ್ತು.

ಈ ಮಿತಿ ಕಡಿಮೆ ಆದಾಯದವರನ್ನು ಹೆಚ್ಚು ಕಾಡುತ್ತದೆಂಬುದನ್ನು ಗಮನಿಸುವವರು ಕಡಿಮೆ. ಇದೇ ಗೆಲುವು, ಆದರೆ ಸಂಬಳ 70,000 ಮಾತ್ರ ಎಂದುಕೊಳ್ಳಿ. ಆಗ ನ್ಯೂಜೆರ್ಸಿಯ ತೆರಿಗೆ ಸುಮಾರು 1,700 ಡಾಲರ್, ಅದರ ಸರಾಸರಿ ದರ ಪೆನ್ಸಿಲ್ವೇನಿಯಾದ ಶೇ 3.07ಕ್ಕಿಂತ ಕೆಳಗೆ ಇಳಿಯುತ್ತದೆ, ಕ್ರೆಡಿಟ್ 184 ಡಾಲರಿಗೆ ನಿಂತುಬಿಡುತ್ತದೆ. ಉಳಿದ 92 ಡಾಲರ್ ಕೈಯಿಂದ ಹೋಗುತ್ತದೆ. ಅನಿವಾಸಿ ರಿಟರ್ನ್‌ನಲ್ಲಿ ಪೆನ್ಸಿಲ್ವೇನಿಯಾ ಇದಕ್ಕೆ ಪರಿಹಾರ ಕೊಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ನ್ಯಾಯವಲ್ಲ, ಆದರೆ ನಿಯಮ ಹಾಗಿದೆ.

ಕ್ರೆಡಿಟ್ ಸಿಗುವುದು ಕ್ಯಾಸಿನೊ ಮುರಿದುಕೊಂಡ ಹಣಕ್ಕಲ್ಲ, ಹೊರರಾಜ್ಯದ ರಿಟರ್ನ್‌ನಲ್ಲಿ ಅಂತಿಮವಾಗಿ ನಿಂತ ತೆರಿಗೆಗೆ. ದೊಡ್ಡ ಗೆಲುವಿನಲ್ಲಿ ಪೂರ್ತಿ ಮೊತ್ತದ ಮೇಲೆ ತೆರಿಗೆ ಹಿಡಿದಿದ್ದು, ಸೋಲನ್ನು ಕಳೆದ ಮೇಲೆ ನಿಜವಾದ ತೆರಿಗೆ ಕಡಿಮೆಯಾದರೆ, ಹೆಚ್ಚಾದದ್ದನ್ನು ಆ ರಾಜ್ಯದಿಂದಲೇ ಮರಳಿ ಪಡೆಯಬೇಕು. ಅದನ್ನು ತವರು ರಾಜ್ಯದಲ್ಲಿ ಕ್ರೆಡಿಟ್ ಎಂದು ಬರೆದರೆ ನೋಟಿಸ್ ಬರುತ್ತದೆ. ಮಿಸಿಸಿಪ್ಪಿಯ ಪದ್ಧತಿ ಬೇರೆ: ಅಲ್ಲಿನ ಕ್ಯಾಸಿನೊ ಹಿಡಿಯುವ ಶೇ 3 ಮರಳದ ಅಂತಿಮ ತೆರಿಗೆ, ಅದಕ್ಕಾಗಿ ಅಲ್ಲಿ ರಿಟರ್ನ್ ಬೇಕಿಲ್ಲ. ಸೋಲಿನ ವಿಚಾರದಲ್ಲಿಯೂ ರಾಜ್ಯಗಳು ಒಂದೇ ದಾರಿ ಹಿಡಿದಿಲ್ಲ. ಮ್ಯಾಸಚೂಸೆಟ್ಸ್ ತನ್ನ ಪರವಾನಗಿ ಪಡೆದ ಕ್ಯಾಸಿನೊಗಳಲ್ಲಿ ಆದ ಸೋಲನ್ನು ಅಲ್ಲಿನ ಗೆಲುವಿಗೆ ಮಾತ್ರ ಹೊಂದಿಸಲು ಬಿಡುತ್ತದೆ. ಕನೆಕ್ಟಿಕಟ್‌ನ ಕ್ಯಾಸಿನೊದಲ್ಲಿ ಕಳೆದುಕೊಂಡದ್ದು ಬಾಸ್ಟನ್ನಿನವರ ರಾಜ್ಯ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬಾರದು.

ಕೇಂದ್ರದ ರಿಟರ್ನ್‌ನಲ್ಲಿ ನಿಮ್ಮ ಅಂಕಿ ಇವೆರಡಕ್ಕೂ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಅಲ್ಲಿ ಗೆಲುವು ಪೂರ್ತಿ 16,000 ಎಂದು ಹೋಗುತ್ತದೆ. ಸೋಲನ್ನು ಕಳೆಯಲು, ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡುವ ಷೆಡ್ಯೂಲ್ ಎ ತುಂಬಬೇಕು. 2025ಕ್ಕೆ ದಂಪತಿಗೆ ಸಿಗುವ 31,500 ಡಾಲರ್‌ನ ಸಾಮಾನ್ಯ ಕಡಿತವನ್ನು ಬಿಟ್ಟುಕೊಟ್ಟು 3,000ಕ್ಕಾಗಿ ಹಾಗೆ ಮಾಡುವುದು ಬಹುತೇಕರಿಗೆ ನಷ್ಟ. 2026ರಿಂದ ಕೇಂದ್ರವು ಸೋಲಿನ ಶೇ 90ನ್ನು ಮಾತ್ರ ಒಪ್ಪುತ್ತದೆ. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾ ಆದಾಯವನ್ನು ತಮ್ಮದೇ ಕಾನೂನಿನಂತೆ ಅಳೆಯುವುದರಿಂದ ಈ ಕತ್ತರಿ ಅವುಗಳ ರಿಟರ್ನ್‌ಗೆ ತಾಗುವುದಿಲ್ಲ.

ದಾಖಲೆ ಇಲ್ಲದ ಸೋಲಿಗೆ ಬೆಲೆಯಿಲ್ಲ. ಕ್ಯಾಸಿನೊದ ಆಟಗಾರರ ಕಾರ್ಡಿನಿಂದ ಸಿಗುವ ವಾರ್ಷಿಕ ಸೋಲು-ಗೆಲುವಿನ ಪಟ್ಟಿ ಸಹಾಯಕ, ಆದರೆ ಅದೊಂದೇ ಸಾಲದು. ಯಾವ ದಿನ, ಯಾವ ಸ್ಥಳದಲ್ಲಿ, ಯಾವ ಆಟದಲ್ಲಿ ಎಷ್ಟು ಬಂತು, ಎಷ್ಟು ಹೋಯಿತೆಂದು ಆಯಾ ದಿನವೇ ಬರೆದಿಟ್ಟ ಪುಸ್ತಕವಿದ್ದರೆ ಪರಿಶೀಲನೆಯಲ್ಲಿ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಪಣ ಕಟ್ಟುವವರು ಸ್ಥಳವನ್ನು ವಿಶೇಷವಾಗಿ ಗಮನಿಸಬೇಕು. ಖಾತೆ ಯಾವ ರಾಜ್ಯದಲ್ಲಿ ತೆರೆದದ್ದೆಂಬುದು ಮುಖ್ಯವಲ್ಲ, ಪಣ ಕಟ್ಟುವಾಗ ನೀವು ಎಲ್ಲಿದ್ದಿರೆಂಬುದು ಮುಖ್ಯ. ನಿಮ್ಮ ಪತಿ ಊಟದ ಬಿಡುವಿನಲ್ಲಿ ಕಚೇರಿಯಿಂದ ಕಟ್ಟಿ ಗೆದ್ದದ್ದು ಪೆನ್ಸಿಲ್ವೇನಿಯಾದ ಆದಾಯ. ಹಿಂದಿನ ವರ್ಷಗಳಲ್ಲಿ ಬಿಟ್ಟುಹೋದದ್ದಿದ್ದರೆ ಪೆನ್ಸಿಲ್ವೇನಿಯಾದಲ್ಲಿ ತಡವಾಗಿಯಾದರೂ ರಿಟರ್ನ್ ಹಾಕಿ, ನಂತರ ಎನ್‌ಜೆ-1040ಎಕ್ಸ್ ಮೂಲಕ ನ್ಯೂಜೆರ್ಸಿಯದನ್ನು ತಿದ್ದಿ.

ಪ್ರಶ್ನೆ: ಶಿವಮೊಗ್ಗದಿಂದ ಪ್ರವಾಸಿ ವೀಸಾದಲ್ಲಿ ಬಂದಿರುವ ನಮ್ಮ ತಂದೆಯವರಿಗೆ ಅಟ್ಲಾಂಟಿಕ್ ಸಿಟಿಯ ಸ್ಲಾಟ್ ಯಂತ್ರದಲ್ಲಿ 5,000 ಡಾಲರ್ ಬಂತು. ಕ್ಯಾಸಿನೊ 1,500 ಹಿಡಿದುಕೊಂಡಿತು. ಇದು ವಾಪಸ್ ಬರುತ್ತದೆಯೆ? ರಾಜ್ಯಕ್ಕೂ ಕಟ್ಟಬೇಕೆ?

ಉತ್ತರ: ವಾಪಸ್ ಬರುವ ಸಾಧ್ಯತೆ ಇಲ್ಲವೆಂದೇ ತಿಳಿಯಿರಿ. ಅಮೆರಿಕದ ತೆರಿಗೆ ದೃಷ್ಟಿಯಲ್ಲಿ ಅನಿವಾಸಿಯಾದ ವಿದೇಶಿಯರ ಸ್ಲಾಟ್ ಗೆಲುವಿಗೆ ಶೇ 30 ಹಿಡಿದು 1042-ಎಸ್ ನಮೂನೆ ಕೊಡುತ್ತಾರೆ. ಭಾರತದೊಂದಿಗಿನ ತೆರಿಗೆ ಒಪ್ಪಂದ ಇದಕ್ಕೆ ರಿಯಾಯಿತಿ ಕೊಟ್ಟಿಲ್ಲ, ಅವರು ಸೋಲನ್ನು ಕಳೆಯಲೂ ಆಗದು. ಬ್ಲ್ಯಾಕ್‌ಜಾಕ್, ಬ್ಯಾಕರಾ, ಕ್ರ್ಯಾಪ್ಸ್, ರೂಲೆಟ್ ಮತ್ತು ಬಿಗ್-6 ಚಕ್ರದ ಗೆಲುವಿಗೆ ಮಾತ್ರ ಕೇಂದ್ರದ ತೆರಿಗೆಯಿಂದ ಬಿಡುಗಡೆ ಇದೆ.

ನ್ಯೂಜೆರ್ಸಿಯ ಲೆಕ್ಕ ಪ್ರತ್ಯೇಕ. ಅಲ್ಲಿನ ಕ್ಯಾಸಿನೊ ಗೆಲುವು ಅನಿವಾಸಿಗಳಿಗೂ ಆ ರಾಜ್ಯದ ಆದಾಯವೇ. ಆದರೆ ಭಾರತದ ಪಿಂಚಣಿಯೂ ಸೇರಿ ಎಲ್ಲ ಕಡೆಯ ಒಟ್ಟು ಆದಾಯವು ಒಬ್ಬರಿಗೆ 10,000, ದಂಪತಿಯ ಜಂಟಿ ರಿಟರ್ನ್ ಆದರೆ 20,000 ಡಾಲರ್ ಮೀರದಿದ್ದರೆ ಅನಿವಾಸಿಗಳ ರಿಟರ್ನ್ ಆದ ಎನ್‌ಜೆ-1040ಎನ್‌ಆರ್ ಸಲ್ಲಿಸಬೇಕಾಗಿಲ್ಲ. ತಂದೆಯವರು ಭಾರತದ ನಿವಾಸಿಯಾದ್ದರಿಂದ ಊರಿಗೆ ಮರಳಿದ ಮೇಲೆ ಅಲ್ಲಿನ ರಿಟರ್ನ್‌ನಲ್ಲಿಯೂ ಪೂರ್ತಿ 5,000 ಡಾಲರನ್ನು ರೂಪಾಯಿಗೆ ಪರಿವರ್ತಿಸಿ ತೋರಿಸಬೇಕು. ಅಂಥ ಗೆಲುವಿಗೆ ಭಾರತದಲ್ಲಿಯೂ ಶೇ 30ರ ನೇರ ದರವಿದೆ, ಜೊತೆಗೆ ಸೆಸ್. ಅಮೆರಿಕದಲ್ಲಿ ಹಿಡಿದ 1,500ಕ್ಕೆ ಕ್ರೆಡಿಟ್ ಕೇಳಲು 1042-ಎಸ್ ನಮೂನೆಯೇ ಆಧಾರ, ಹೀಗಾಗಿ ಅದರ ಮೂಲ ಪ್ರತಿಯನ್ನು ಅವರ ಕೈಗೇ ಕೊಟ್ಟು ಕಳುಹಿಸಿ.