ಸಮೀಕ್ಷೆ ನಂಬಬಹುದಾ ಅಂತ ಕೇಳಿದ ತಮ್ಮನಿಗೆ

ತಮ್ಮಾ,

ನಿನ್ನ ಪತ್ರ ಎರಡು ಸಲ ಓದಿದೆ. ತಿಪಟೂರಿನಿಂದ ಆಗಸ್ಟ್‌ನಲ್ಲಿ ಎಂ.ಎಸ್. ಮಾಡಲು ಡೆಟ್ರಾಯಿಟ್‌ಗೆ ಬಂದಿದ್ದೀಯ. ಬಂದು ಮೂರು ತಿಂಗಳಿಗೇ, ಈ 2024ರ ನವೆಂಬರ್‌ನಲ್ಲಿ, ಅಮೆರಿಕದ ಅಧ್ಯಕ್ಷರ ಚುನಾವಣೆ ನೋಡಿದೆ. ಸಮೀಕ್ಷೆಗಳೆಲ್ಲ ಸಮಸಮ ಅಂದವು, ಕೊನೆಗೆ ನೋಡಿದರೆ ಪೈಪೋಟಿ ಇದ್ದ ಏಳಕ್ಕೆ ಏಳು ರಾಜ್ಯವೂ ಟ್ರಂಪ್ ಕಡೆಗೇ ಹೋದವು, ಇದು ಹೇಗೆ ಅಂತ ಕೇಳಿದ್ದೀಯ. ಅಯೋವಾ ರಾಜ್ಯದ ಸಮೀಕ್ಷೆ ನೋಡಿ ರೂಮ್‌ಮೇಟ್ ಹತ್ರ 50 ಡಾಲರ್ ಬೆಟ್ ಕಟ್ಟಿ ಸೋತೆ ಅಂತಲೂ ಬರೆದಿದ್ದೀಯ. ಲ್ಯಾಬಿನಲ್ಲಿ ಯಾರೂ ತುಟಿ ಬಿಚ್ಚುತ್ತಿಲ್ಲ, ನಾನೇನು ಮಾತಾಡಲಿ? ವೀಸಾ ಕಥೆ ಏನಾಗುತ್ತೆ? ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಬರಬಹುದಾ?

ಮೊದಲು ಸುಲಭದ್ದು ಮುಗಿಸುತ್ತೇನೆ. ಊರಿಗೆ ಹೋಗುವುದಾದರೆ ನಿಮ್ಮ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೋಗಿ ಕೇಳು. ವಿದ್ಯಾರ್ಥಿ ವೀಸಾಗೆ ಕಾಲೇಜು ಕೊಟ್ಟ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಹಾಕಿಸಿಕೋ. ಅವರು ಹೇಳಿದ್ದನ್ನು ಮಾತ್ರ ನಂಬು, ವಾಟ್ಸಾಪ್‌ನಲ್ಲಿ ಬಂದದ್ದನ್ನು ಬೇಡ. ಎಚ್-1ಬಿ ಕೆಲಸದ ವೀಸಾದ ಚಿಂತೆ ಈಗಲೇ ಬೇಡ, ಮೊದಲು ಓದು ಮುಗಿಸು.

ಇನ್ನೊಂದನ್ನು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಡ್ರೈವಿಂಗ್ ಲೈಸೆನ್ಸ್‌ಗೆ ಹೋದಾಗ ಮತದಾರರ ಪಟ್ಟಿಗೆ ಸೇರುತ್ತೀರಾ ಅಂತ ಕೇಳುವುದುಂಟು. ಅಲ್ಲಿ ಮರೆತೂ ಹ್ಞೂಂ ಅನ್ನಬೇಡ, ಆ ಚೌಕಕ್ಕೆ ಗುರುತು ಹಾಕಬೇಡ. ಈ ಸಲ ಆನ್ ಆರ್ಬರ್‌ನಲ್ಲಿ ಚೀನಾದ ವಿದ್ಯಾರ್ಥಿಯೊಬ್ಬ ವೋಟು ಹಾಕಿದ ಅಂತ ಕೇಸು ಬಿದ್ದಿದೆ. ನಾಗರಿಕ ಅಂತ ಸುಳ್ಳು ಹೇಳಿದರೆ ಈ ದೇಶದ ಬಾಗಿಲು ಮತ್ತೆ ತೆರೆಯುವುದು ತುಂಬಾ ಕಷ್ಟ.

ಲ್ಯಾಬಿನ ವಿಷಯ. ನಮ್ಮೂರಲ್ಲಿ ಕಟಿಂಗ್ ಶಾಪಿನಲ್ಲಿ ಕೂತವರೂ "ಈ ಸಲ ಯಾರಿಗೆ ಹಾಕಿದ್ರಿ?" ಅಂತ ಕೇಳುತ್ತಾರೆ. ಇಲ್ಲಿ ಹಾಗೆ ಕೇಳಬಾರದು. ಅಂಗಳದಲ್ಲಿ ಅಭ್ಯರ್ಥಿಯ ಹೆಸರಿನ ಬೋರ್ಡು ನೆಟ್ಟಿರುತ್ತಾರೆ, ಆದರೆ ಎದುರಿಗೆ ಆ ಮಾತು ಎತ್ತುವುದಿಲ್ಲ. ನಿನ್ನ ಲ್ಯಾಬಿನವರು ಸುಮ್ಮನಿದ್ದರೆ ನೀನೂ ಸುಮ್ಮನಿರು. ಕಾಫಿ ತರಲು ಹೋಗುವಾಗ ನಿಮಗೂ ತರಲಾ ಅಂತ ಕೇಳು. ಅಷ್ಟು ಸಾಕು.

ಈಗ ಸಮೀಕ್ಷೆ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಬಂದದ್ದು 2000ರ ಅಕ್ಟೋಬರ್ ಕೊನೆಯಲ್ಲಿ. ಮದುವೆಯಾಗಿ ಐದು ತಿಂಗಳು. ವಾರ ಕಳೆದರೂ ನಿದ್ದೆಯ ಹೊತ್ತು ಸರಿಹೋಗಿರಲಿಲ್ಲ. ನವೆಂಬರ್ 7ರ ರಾತ್ರಿ ನಮ್ಮವರು ಮಲಗಿದ್ದರು. ನಾನೊಬ್ಬಳೇ ಶಾಲು ಹೊದ್ದು, ಯಾರೋ ಊರು ಬಿಡುವಾಗ ಮಾರಿ ಹೋಗಿದ್ದ ಹಳೇ ಟಿವಿ ಮುಂದೆ ಕೂತಿದ್ದೆ. ಎಂಟು ಗಂಟೆಗೂ ಮುಂಚೆ ಫ್ಲಾರಿಡಾ ಅಲ್ ಗೋರ್‌ಗೆ ಅಂದರು. ಹತ್ತರ ಹೊತ್ತಿಗೆ ಅದನ್ನು ವಾಪಸ್ ತೆಗೆದುಕೊಂಡರು. ರಾತ್ರಿ ಎರಡು ದಾಟಿದ ಮೇಲೆ ಜಾರ್ಜ್ ಬುಷ್ ಗೆದ್ದರು ಅಂದರು. ನಾಲ್ಕರ ಹೊತ್ತಿಗೆ ಅದೂ ವಾಪಸ್. ಮೊದಲ ಸಲ ಮತ ಹಾಕಿ ಹೊರಬಂದವರನ್ನು ಕೇಳಿ ಮಾಡಿದ ಲೆಕ್ಕವನ್ನು, ಎರಡನೇ ಸಲ ಅರ್ಧಂಬರ್ಧ ಎಣಿಕೆಯನ್ನು ನಂಬಿ ಚಾನೆಲ್‌ಗಳು ಅವಸರ ಮಾಡಿದ್ದವು.

ಆಗ ಊರಲ್ಲಿ ಮಧ್ಯಾಹ್ನ ಎರಡೂವರೆ. ಕಾಲಿಂಗ್ ಕಾರ್ಡ್ ಗೀರಿ ನಂಬರ್ ಒತ್ತಿ ನನ್ನ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಅರಸೀಕೆರೆ ತಾಲ್ಲೂಕಿನಲ್ಲಿ ಮೇಷ್ಟ್ರು. ಎಷ್ಟೋ ಚುನಾವಣೆಗಳಲ್ಲಿ ಡ್ಯೂಟಿ ಮಾಡಿದವರು. ಪೆಟ್ಟಿಗೆ ಇಟ್ಟುಕೊಂಡು ಲಾರಿಯಲ್ಲಿ ಹೋಗಿ, ಶಾಲೆಯ ಬೆಂಚಿನ ಮೇಲೆ ಮಲಗಿ, ಮಾರನೇ ದಿನ ನಡುರಾತ್ರಿ ಮನೆಗೆ ಬರುತ್ತಿದ್ದರು. ಪೆಟ್ಟಿಗೆಗೆ ಸೀಲ್ ಮಾಡಿದ ಅರಗಿನ ವಾಸನೆ ಅವರ ಅಂಗಿಯಲ್ಲಿ ಎರಡು ದಿನ ಇರುತ್ತಿತ್ತು. "ಯಾರು ಗೆದ್ದರಮ್ಮ?" ಅಂದರು. ಇನ್ನೂ ಗೊತ್ತಿಲ್ಲ ಅಪ್ಪ, ಎರಡೆರಡು ಸಲ ಹೇಳಿ ಬದಲಾಯಿಸಿದರು ಅಂದೆ. "ಪೆಟ್ಟಿಗೆ ತೆರೆಯುವ ಮೊದಲು ಬಾಯಿ ತೆರೆಯಬಾರದು" ಅಂದರು. ಕೊನೆಗೆ ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂದು, 537 ಮತಗಳ ಅಂತರದಲ್ಲಿ ಫ್ಲಾರಿಡಾ ಬುಷ್‌ಗೆ ಹೋಯಿತು, ಅದರ ಜೊತೆ ಅಧ್ಯಕ್ಷ ಪದವಿಯೂ. ಅಪ್ಪನ ಮಾತು ಆವತ್ತೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು. ಹದಿನಾರು ವರ್ಷ ಆಗುವಷ್ಟರಲ್ಲಿ ಮರೆತೆ.

ಸಮೀಕ್ಷೆ ಅಂದರೆ ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯಾ ಅಂತ ನೋಡುವ ಕೆಲಸ. ಮನೆಯ ಪಾತ್ರೆಯಲ್ಲಿ ಅದು ಸರಿಹೋಗುತ್ತೆ. ಮದುವೆ ಮನೆಯ ಕೊಪ್ಪರಿಗೆಯಲ್ಲಿ ಮೇಲಿನ ಅಗುಳು ಬೆಂದಿದ್ದರೂ ಒಂದು ಮೂಲೆಯಲ್ಲಿ ಅಕ್ಕಿ ಅಕ್ಕಿಯಾಗೇ ಇರುತ್ತೆ. ಇಲ್ಲಿ ಆ ಮೂಲೆಗೆ ಸೌಟು ಹೋಗುತ್ತಿಲ್ಲ. ಜನಾಭಿಪ್ರಾಯ ಅಳೆಯುವ ಪ್ಯೂ ಸಂಸ್ಥೆಯ ಲೆಕ್ಕದಲ್ಲಿ, 1997ರಲ್ಲಿ ಫೋನ್ ಸಮೀಕ್ಷೆಗೆ 100ಕ್ಕೆ 36 ಜನ ಉತ್ತರ ಕೊಡುತ್ತಿದ್ದರು. 2018ರ ಹೊತ್ತಿಗೆ ಅದು 6ಕ್ಕೆ ಇಳಿದಿತ್ತು.

ನಮ್ಮ ಎದುರುಮನೆಯ ಹಿರಿಯರು ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಬಾಮಾಗೆ ಎರಡು ಸಲ ಹಾಕಿದವರು. ಹಿಮ ಬಿದ್ದ ದಿನ ನಮ್ಮ ಮನೆ ಮುಂದಿನ ದಾರಿಯನ್ನೂ ಅವರೇ ಗೋರಿ ಕೊಡುತ್ತಾರೆ. ಸಮೀಕ್ಷೆಯವರ ಫೋನ್ ಬಂದರೆ ಒಂದೂ ಮಾತಾಡದೆ ಇಟ್ಟುಬಿಡುತ್ತೇನೆ ಅಂತ 2016ರ ಬೇಸಿಗೆಯಲ್ಲಿ ನನ್ನ ಹತ್ರವೇ ಹೇಳಿದ್ದರು. ಆಮೇಲೆ ಟ್ರಂಪ್ ಬೋರ್ಡು ನೆಟ್ಟರು. ಒಬಾಮಾ ಎರಡೂ ಸಲ ಗೆದ್ದಿದ್ದ ನಮ್ಮ ಮೆಕೋಂಬ್ ಕೌಂಟಿ (ನಮ್ಮೂರ ಕಡೆಯ ಜಿಲ್ಲೆ ಇದ್ದ ಹಾಗೆ) ಆ ವರ್ಷ ಸುಮಾರು 48,000 ಮತಗಳಿಂದ ಟ್ರಂಪ್ ಕಡೆ ಹೋಯಿತು. ನನ್ನ ಕಣ್ಣ ಮುಂದೆ ಆ ಒಂದು ಬೋರ್ಡು ಇತ್ತು. ಆದರೂ ನಾನು ನಂಬಿದ್ದು ಫೋನಿನ ಪರದೆಯನ್ನು.

ಆ ಸಲ ಓದಿದವರು ಸಮೀಕ್ಷೆಗೆ ಜಾಸ್ತಿ ಉತ್ತರ ಕೊಟ್ಟಿದ್ದರು, ಕಾಲೇಜು ಮೆಟ್ಟಿಲು ಹತ್ತದವರು ಕಡಿಮೆ. ಹಲವು ರಾಜ್ಯ ಸಮೀಕ್ಷೆಗಳು ಆ ವ್ಯತ್ಯಾಸವನ್ನು ಸರಿದೂಗಿಸಲಿಲ್ಲ ಅಂತ ಆಮೇಲೆ ಸಮೀಕ್ಷಕರ ಸಂಘವೇ ತನಿಖೆ ಮಾಡಿ ಹೇಳಿತು. ಕೊನೇ ವಾರದಲ್ಲಿ ಮನಸ್ಸು ಮಾಡಿದವರೂ ಬಹಳ ಇದ್ದರು. 2020ರಲ್ಲಿ ಆ ಸರಿದೂಗಿಸುವಿಕೆ ಮಾಡಿದರೂ ಲೆಕ್ಕ ಇನ್ನೂ ಜಾಸ್ತಿ ತಪ್ಪಿತು. ವಿಸ್ಕಾನ್ಸಿನ್‌ನಲ್ಲಿ ಬೈಡನ್ ಶೇ 17 ಮುಂದೆ ಅಂತ ಒಂದು ದೊಡ್ಡ ಸಮೀಕ್ಷೆ ಬಂದಿತ್ತು. ಗೆದ್ದದ್ದು ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ.

ಈ ಸಲ ನಿಜ ಹೇಳಬೇಕೆಂದರೆ ಸಮೀಕ್ಷೆಗಳು ಅಷ್ಟು ಕೆಟ್ಟಿಲ್ಲ. ದೇಶದಲ್ಲಿ ಕಮಲಾ ಹ್ಯಾರಿಸ್ ಶೇ 1ರಷ್ಟು ಮುಂದೆ ಅಂದವು, ಟ್ರಂಪ್ ಸುಮಾರು ಶೇ 1.5ರಿಂದ ಗೆದ್ದರು. ನಮ್ಮ ಮಿಷಿಗನ್ ರಾಜ್ಯದಲ್ಲಿ ಅಂತರ ಸುಮಾರು 80,000 ಮತ. ಏಳೂ ರಾಜ್ಯ ಒಂದೇ ಕಡೆ ವಾಲಿದ್ದು ಹೇಗೆ ಅಂದರೆ, ಏಳು ಕಡೆಯೂ ಫೋನ್ ಎತ್ತದವರು ಒಂದೇ ಬಗೆಯ ಜನ. ಒಂದು ಕಡೆ ತಪ್ಪಿದ ಲೆಕ್ಕ ಎಲ್ಲ ಕಡೆಯೂ ಅದೇ ದಿಕ್ಕಿಗೆ ತಪ್ಪುತ್ತೆ. ಟ್ರಂಪ್ ನಿಂತ ಮೂರು ಸಲವೂ ಹೀಗೇ ಆಗಿದೆ. ನಡುವೆ 2022ರಲ್ಲಿ ಅವರ ಹೆಸರು ಮತಪತ್ರದಲ್ಲಿ ಇಲ್ಲದಾಗ ಸಮೀಕ್ಷೆಗಳು ಚೆನ್ನಾಗೇ ಹೇಳಿದ್ದವು.

ನೀನು ಬೆಟ್ ಕಟ್ಟಿದ ಅಯೋವಾ ಸಮೀಕ್ಷೆ ಮಾಡಿದ ಆನ್ ಸೆಲ್ಜರ್ ದಶಕಗಳಿಂದ ಹೆಸರು ಮಾಡಿದವರು. ಹ್ಯಾರಿಸ್ 47, ಟ್ರಂಪ್ 44 ಅಂದರು. ಟ್ರಂಪ್ ಶೇ 13ರಿಂದ ಗೆದ್ದರು. ಒಳ್ಳೇ ಕೈ ಕೂಡ ಒಮ್ಮೊಮ್ಮೆ ತಪ್ಪುತ್ತೆ. ನಮ್ಮಲ್ಲೂ ಜೂನ್‌ನಲ್ಲಿ ಲೋಕಸಭೆ ಚುನಾವಣೆಯಲ್ಲಿ ನೋಡಿದೆಯಲ್ಲ? ಎನ್‌ಡಿಎಗೆ 350ರ ಮೇಲೆ ಅಂದರು, ಬಂದದ್ದು 293. ಎಣಿಕೆ ದಿನ ಸೆನ್ಸೆಕ್ಸ್ 4,389 ಅಂಶ ಬಿತ್ತು. ಒಂದು ಸಮೀಕ್ಷೆ ನಂಬಿ ದುಡ್ಡು ಇಡಬೇಡ ತಮ್ಮಾ. ಆ 50 ಡಾಲರ್‌ನಲ್ಲಿ ಎರಡು ವಾರದ ತರಕಾರಿ ಬರುತ್ತಿತ್ತು.

ಇನ್ನು ನನ್ನದು.

2015ರಲ್ಲಿ ನನಗೆ ಪೌರತ್ವ ಸಿಕ್ಕಿತು. 2016ರ ನವೆಂಬರ್ 8 ನಾನು ಅಧ್ಯಕ್ಷರಿಗೆ ಮತ ಹಾಕಬೇಕಿದ್ದ ಮೊದಲ ದಿನ. ನನಗೆ ಹಿಲರಿ ಕ್ಲಿಂಟನ್ ಬರಬೇಕಿತ್ತು. ಆಗ ಮಿಷಿಗನ್‌ನಲ್ಲಿ ಈಗಿನ ಹಾಗೆ ಒಂಬತ್ತು ದಿನ ಮೊದಲೇ ಹಾಕುವ ಅನುಕೂಲ ಇರಲಿಲ್ಲ. ಮಂಗಳವಾರ ಬೆಳಿಗ್ಗೆ 7ರಿಂದ ರಾತ್ರಿ 8ರೊಳಗೆ ಹೋಗಬೇಕು, ಅಷ್ಟೇ. ಆಫೀಸಿನಲ್ಲಿ ಕೆಲಸ ಮುಗಿಯುವಾಗ ಕತ್ತಲಾಗಿತ್ತು. ಮಗಳ ಭರತನಾಟ್ಯದ ಕ್ಲಾಸ್ ಬಿಡುವ ಹೊತ್ತು. ಮತಗಟ್ಟೆ ಇದ್ದ ಶಾಲೆಯ ಪಾರ್ಕಿಂಗ್‌ವರೆಗೂ ಹೋದೆ. ಸಾಲು ಬಾಗಿಲು ದಾಟಿ ಹೊರಗೆ ಬಂದಿತ್ತು. ಕಾರಿನಲ್ಲೇ ಕೂತು ಫೋನ್ ತೆಗೆದು ನೋಡಿದೆ. ಹಿಲರಿ ಗೆಲ್ಲುವ ಸಾಧ್ಯತೆ ಶೇ 85 ಅಂತ ನ್ಯೂಯಾರ್ಕ್ ಟೈಮ್ಸ್ ಹಾಕಿತ್ತು. ಮಿಷಿಗನ್ ಸಮೀಕ್ಷೆಗಳಲ್ಲೂ ಅವರೇ ಮೂರು-ನಾಲ್ಕು ಅಂಶ ಮುಂದೆ. ಇಷ್ಟು ಇದ್ದ ಮೇಲೆ ನನ್ನದೊಂದು ಯಾಕೆ ಅನ್ನಿಸಿತು. ಗಾಡಿ ತಿರುಗಿಸಿದೆ.

ಶೇ 85 ಅಂದರೆ ಏನು ಅಂತ ನನಗೆ ಅರ್ಥವೇ ಆಗಿರಲಿಲ್ಲ. ಏಳರಲ್ಲಿ ಒಂದು ಸಲ ಬಸ್ ಮೊದಲೇ ಹೊರಟುಹೋಗುತ್ತೆ ಅಂತ ಗೊತ್ತಿದ್ದರೆ ನೀನು ಸ್ಟ್ಯಾಂಡಿಗೆ ಬೇಗ ಹೋಗ್ತೀಯ, ಅಲ್ವಾ? ನಾನು ಅದನ್ನು ಮುಗಿದ ಲೆಕ್ಕ ಅಂದುಕೊಂಡೆ. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಹಿಲರಿ ಸುಮಾರು ಶೇ 20 ಮುಂದೆ ಅಂತಿದ್ದರು, ಗೆದ್ದದ್ದು ಬರ್ನಿ ಸ್ಯಾಂಡರ್ಸ್. ಅದನ್ನೂ ನೋಡಿ ಮರೆತಿದ್ದೆ.

ಮಿಷಿಗನ್ ಫಲಿತಾಂಶ ಗಟ್ಟಿಯಾಗಲು ನವೆಂಬರ್ 28 ಬಂತು. ಯಾರು ಗೆದ್ದರು ಅಂತ ಎಲ್ಲ ರಾಜ್ಯಗಳಿಗಿಂತ ಕೊನೆಗೆ ಗೊತ್ತಾದದ್ದು ಇಲ್ಲೇ. ಟ್ರಂಪ್ ಗೆದ್ದದ್ದು 10,704 ಮತಗಳಿಂದ. ಮತಗಟ್ಟೆಗೆ ಸರಾಸರಿ ಎರಡು ವೋಟು ಅಂತ ಲೆಕ್ಕ ಹಾಕಿದರು. ನನ್ನೊಬ್ಬಳ ವೋಟಿನಿಂದ ಏನೂ ಬದಲಾಗುತ್ತಿರಲಿಲ್ಲ, ಗೊತ್ತು. ಆದರೆ ಆ ಪಾರ್ಕಿಂಗ್‌ನಲ್ಲಿ ನನ್ನ ಪಕ್ಕದಲ್ಲೇ ಇನ್ನೂ ಒಂದು ಕಾರು ಹಾಗೇ ತಿರುಗಿದ್ದನ್ನು ನೋಡಿದ್ದೆ.

ಆ ನವೆಂಬರ್ 8 ಊರಿನವರಿಗೆ ಬೇರೆ ಕಾರಣಕ್ಕೆ ನೆನಪಿದೆ. ರಾತ್ರಿ ಎಂಟಕ್ಕೆ 500, 1000ದ ನೋಟು ನಡೆಯುವುದಿಲ್ಲ ಅಂದರು. ನಿನಗೆ ಹೇಳಬೇಕಾಗಿಲ್ಲ. 10ನೇ ತಾರೀಕು ಬ್ಯಾಂಕು ತೆರೆದ ದಿನ ಅಪ್ಪ, 74 ವರ್ಷ, ಮಂಡಿನೋವು ಇಟ್ಟುಕೊಂಡು ಅರಸೀಕೆರೆಯಲ್ಲಿ ನಾಲ್ಕು ಗಂಟೆ ಕ್ಯೂ ನಿಂತಿದ್ದರು. ಸಂಜೆ ಫೋನ್ ಮಾಡಿದರು. ಯಾರು ಮುಂದಿದ್ದರು, ಯಾರು ಎಳನೀರು ಕೊಡಿಸಿದರು, ಎಲ್ಲ ಹೇಳಿದರು. ಆಮೇಲೆ "ನೀನೂ ವೋಟಿಗೆ ಕ್ಯೂ ನಿಂತಿದ್ದಾ?" ಅಂದರು.

ಹ್ಞೂಂ ಅಪ್ಪ ಅಂದೆ.

"ಅಲ್ಲಿ ಶಾಯಿ ಹಾಕ್ತಾರಾ? ನಮ್ಮ ಮೈಸೂರಿನ ಶಾಯಿನಾ?"

ಇಲ್ಲ, ಇಲ್ಲಿ ಸ್ಟಿಕರ್ ಕೊಡ್ತಾರೆ, ವೋಟು ಹಾಕಿದೆ ಅಂತ ಬರೆದಿರುತ್ತೆ ಅಂದೆ. "ಜೋಪಾನವಾಗಿ ಇಟ್ಟಿರು, ಬರುವಾಗ ತಗೊಂಬಾ, ನೋಡೋಣ" ಅಂದರು.

ಮುಂದಿನ ಬೇಸಿಗೆಯಲ್ಲಿ ಹೋದಾಗ ಮಾತಿಗೆ ಮಾತು ಬಂದು ಅದನ್ನೂ ಕೇಳಿದರು. ತರಲು ಮರೆತೆ ಅಂದೆ. 2019ರಲ್ಲಿ ಅಪ್ಪ ಹೋದರು. ಹೇಳಬೇಕಿತ್ತು. ಬೈಯುತ್ತಿರಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು, ಅಷ್ಟೇ. ಅದನ್ನು ಎದುರಿಸಲು ನನ್ನಿಂದ ಆಗಲಿಲ್ಲ. ಈ ವರ್ಷ ಮೊದಲ ಶನಿವಾರವೇ ಹೋಗಿ ಮತ ಹಾಕಿದೆ. ಮೇಜಿನ ಹತ್ರ ಕೂತಿದ್ದ ಅಜ್ಜಿಯ ಕೈಯಿಂದ ಸ್ಟಿಕರ್ ತೆಗೆದುಕೊಂಡು ಅಂಗಿಗೆ ಅಂಟಿಸಿಕೊಳ್ಳದೆ ಹಾಗೇ ಪರ್ಸಿನಲ್ಲಿ ಇಟ್ಟುಕೊಂಡೆ. ಇನ್ನೂ ಅಲ್ಲೇ ಇದೆ.

ನೀನು ಏಪ್ರಿಲ್‌ನಲ್ಲಿ ಊರಲ್ಲೇ ಇದ್ದೆ. ವೋಟು ಹಾಕಿ ಬಂದೆಯಾ? ಅಲ್ಲಿ ನಿನ್ನ ಹೆಸರು ಉಳಿಸಿಕೋ. ವಿದೇಶದಲ್ಲಿ ಇರುವವರು ಫಾರಂ 6ಎ ತುಂಬಿದರೆ ಪಟ್ಟಿಯಲ್ಲಿ ಇರಬಹುದು, ಆದರೆ ಹಾಕಲು ಊರಿಗೇ ಹೋಗಬೇಕು. ಈ ದೇಶದಲ್ಲಿ ನಮ್ಮವರಿಗೆ ಜಾಗವೇ ಇಲ್ಲ ಅಂತ ಈ ವಾರ ಯಾರಾದರೂ ಹೇಳಿದರೆ ಕುಗ್ಗಬೇಡ. ಡೆಟ್ರಾಯಿಟ್‌ನಿಂದ ಮತ್ತೆ ಆರಿಸಿ ಬಂದ ಸಂಸದ ಶ್ರೀ ಥಾಣೇದಾರ್ ಹುಟ್ಟಿದ್ದು ನಮ್ಮ ಚಿಕ್ಕೋಡಿಯಲ್ಲಿ.

ಬರುವ ಶನಿವಾರ ಕನ್ನಡ ಕೂಟದ ರಾಜ್ಯೋತ್ಸವ ಇದೆ. ಟ್ರಂಪ್‌ಗೆ ಹಾಕಿದವರೂ ಹ್ಯಾರಿಸ್‌ಗೆ ಹಾಕಿದವರೂ ಒಟ್ಟಿಗೇ ಬಿಸಿಬೇಳೆಬಾತ್ ಬಡಿಸುತ್ತಾರೆ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಹಾಕಿದ ಮನೆಗಳೂ ಇವೆ. ರೂಮ್‌ಮೇಟ್‌ನನ್ನೂ ಕರೆದುಕೊಂಡು ಬಾ. ಗಾಡಿ ಇಲ್ಲದಿದ್ದರೆ ಶುಕ್ರವಾರದೊಳಗೆ ತಿಳಿಸು, ನಮ್ಮವರು ಬಂದು ಕರೆತರುತ್ತಾರೆ. ದಪ್ಪ ಜಾಕೆಟ್ ಹಾಕಿಕೋ, ಊರಿಂದ ತಂದ ಸ್ವೆಟರ್ ಇಲ್ಲಿ ಸಾಲುವುದಿಲ್ಲ.