ಟೊರಾಂಟೊದಲ್ಲಿ ಪ್ರಾರ್ಥನೆ: ಭದ್ರಾವತಿಯ ತಮ್ಮನಿಗೆ

ತಮ್ಮಾ, ನಿನ್ನ ಪತ್ರ ಓದಿದೆ. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಬೇಸ್‌ಮೆಂಟ್ ರೂಮು, ಕಾಲೇಜು, ರಾತ್ರಿ ಕೆಲಸ. ಊರಿನ ಕಥೋಲಿಕ ಚರ್ಚಿನಲ್ಲಿ ಭಾನುವಾರದ ಪೂಜೆ, ಶುಕ್ರವಾರ ಸಂಜೆ ಪವಿತ್ರಾತ್ಮನ ವರ ಬೇಡಿ ಕೈಯೆತ್ತಿ ಹಾಡುವ ಕ್ಯಾರಿಸ್ಮ್ಯಾಟಿಕ್ ಪ್ರಾರ್ಥನೆ ಎರಡೂ ತಪ್ಪಿಸುತ್ತಿರಲಿಲ್ಲ ಅಂದೆ. ಇಲ್ಲಿ ರೂಮ್‌ಮೇಟ್ ಕರೆದುಕೊಂಡು ಹೋದ ಸಭೆಯಲ್ಲಿ ಜನ ನೆಲಕ್ಕೆ ಬೀಳುವುದನ್ನು ನೋಡಿ ಗಾಬರಿಯಾಗಿದೆ. ಅಲ್ಲಿಗೆ ಹೋಗಬಹುದಾ, ಕಾಣಿಕೆ ಎಷ್ಟು ಕೊಡಬೇಕು, ಮತ್ತೆ ದೀಕ್ಷಾಸ್ನಾನ ತಗೋ ಅನ್ನುತ್ತಿದ್ದಾರೆ, ಅಮ್ಮನಿಗೆ ಏನು ಹೇಳಲಿ ಅಂತ ಕೇಳಿದ್ದೀಯ. ನಾನು ಸಾಗರದವಳು, ಇಲ್ಲಿಗೆ ಬಂದು ತುಂಬಾ ವರ್ಷವಾಯಿತು. ನನಗೆ ತೋಚಿದ್ದನ್ನು ಹೇಳುತ್ತೇನೆ.

ನೀನು ನೋಡಿದ್ದು ಹೊಸದೇನೂ ಅಲ್ಲ. 1906ರಲ್ಲಿ ಲಾಸ್ ಏಂಜಲಿಸ್‌ನ ಅಝೂಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಸಭೆ ನಡೆಸುತ್ತಿದ್ದರು. ಗುಲಾಮರಾಗಿದ್ದ ತಂದೆತಾಯಿಯ ಮಗ ಅವರು. ಕರಿಯರು ಬಿಳಿಯರು ಒಂದೇ ಕಡೆ ಕೂತು ಊಟ ಮಾಡುವುದೂ ಕಷ್ಟವಾಗಿದ್ದ ಕಾಲದಲ್ಲಿ ಅಲ್ಲಿ ಒಟ್ಟಿಗೆ ಮೊಣಕಾಲೂರಿದರು, ಅನ್ಯಭಾಷೆಗಳಲ್ಲಿ, ಅಂದರೆ ಪವಿತ್ರಾತ್ಮ ನುಡಿಸುತ್ತಾನೆ ಅನ್ನುವ, ತಾವು ಕಲಿಯದ ನುಡಿಯಲ್ಲಿ ಪ್ರಾರ್ಥಿಸಿದರು. ನಮ್ಮ ಕಥೋಲಿಕರ ಕಡೆ ಇದು ಶುರುವಾದದ್ದು 1967ರಲ್ಲಿ, ಪಿಟ್ಸ್‌ಬರ್ಗ್‌ನ ಡ್ಯುಕೇನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಧ್ಯಾನಕೂಟಕ್ಕೆ ಹೋದಾಗ. ಅಲ್ಲಿಂದ ಮುಂದೆ ಕೇರಳದ ಮುರಿಂಗೂರು, ನಮ್ಮ ಕರಾವಳಿಯ ಮುಲ್ಕಿಯ ಧ್ಯಾನಕೇಂದ್ರಗಳು. ಮಲೆನಾಡಿನಿಂದ ಎಷ್ಟು ಮನೆಯವರು ಅಡಿಕೆ ಕೊಯ್ಲು ಮುಗಿಸಿ ಬಸ್ಸು ಹತ್ತಿ ಅಲ್ಲಿಗೆ ಹೋಗಿಲ್ಲ! ಹೋಗುವಾಗ ಕೈಯಲ್ಲಿ ಜಪಸರ ಮಾತ್ರ ಇರುತ್ತಿತ್ತು, ಬರುವಾಗ ಚಪ್ಪಾಳೆಯೂ ಜೊತೆಗೆ ಬರುತ್ತಿತ್ತು.

ಇನ್ನೊಂದು ವಿಷಯ. ನೀನು ಬಂದಿಳಿದ ವಿಮಾನ ನಿಲ್ದಾಣದ ಹತ್ತಿರವೇ ಒಂದು ಚಿಕ್ಕ ಸಭೆ ಇತ್ತು. 1994ರ ಜನವರಿ 20ರಂದು ಅಲ್ಲಿ ಕೆಲವೇ ದಿನಕ್ಕೆ ಅಂತ ಇಟ್ಟುಕೊಂಡ ಕೂಟ ವರ್ಷಗಟ್ಟಲೆ ನಡೆಯಿತು. ಜನ ನಗುತ್ತಿದ್ದರು, ಅಳುತ್ತಿದ್ದರು, ಬೀಳುತ್ತಿದ್ದರು. ಇಂಗ್ಲೆಂಡಿನಿಂದ ವಿಮಾನ ಹತ್ತಿ ಬರುತ್ತಿದ್ದರು. 'ಟೊರಾಂಟೊ ಬ್ಲೆಸ್ಸಿಂಗ್' ಅಂತ ಅದಕ್ಕೆ ಹೆಸರೇ ಬಿತ್ತು. 1995ರ ಕೊನೆಗೆ, ಅವರು ಸೇರಿಕೊಂಡಿದ್ದ ವಿನ್‌ಯಾರ್ಡ್ ಸಭೆಗಳ ಒಕ್ಕೂಟವೇ ಅವರಿಂದ ದೂರ ಸರಿಯಿತು. ವಿನ್‌ಯಾರ್ಡಿನವರೂ ಕೈಯೆತ್ತಿ ಹಾಡುವವರೇ, ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುವವರೇ. ಅವರಿಗೇ ಇದು ಜಾಸ್ತಿಯಾಯಿತು ಅನ್ನಿಸಿದ ಮೇಲೆ ನಿನಗೆ ಗಾಬರಿಯಾದದ್ದರಲ್ಲಿ ವಿಶ್ವಾಸ ಕಡಿಮೆ ಅನ್ನುವ ಪ್ರಶ್ನೆ ಎಲ್ಲಿಂದ ಬಂತು?

ಊರಿನ ಗುಂಪಿಗೂ ಇಲ್ಲಿಯದಕ್ಕೂ ಇರುವ ದೊಡ್ಡ ವ್ಯತ್ಯಾಸ ಗುರುತು ಪರಿಚಯದ್ದು. ಊರಲ್ಲಿ ನಿನ್ನ ತಲೆ ಮೇಲೆ ಕೈ ಇಟ್ಟ ಆಂಟಿಗೆ ನಿನ್ನ ಅಜ್ಜಿಯೂ ಗೊತ್ತು. ಯಾರಾದರೂ ಅತಿರೇಕ ಮಾಡಿದರೆ ಸೋಮವಾರ ಬೆಳಿಗ್ಗೆಯೊಳಗೆ ಫಾದರ್ ಕಿವಿಗೆ ಬೀಳುತ್ತದೆ. ಇಲ್ಲಿ ಹಾಲ್ ತುಂಬ ಅಪರಿಚಿತರು. ಆದ್ದರಿಂದ ಒಳ್ಳೆಯ ಸಭೆಗಳು ನಿಯಮ ಇಟ್ಟುಕೊಂಡಿರುತ್ತವೆ. ಬೀಳುವವರ ಹಿಂದೆ ಹಿಡಿಯುವುದಕ್ಕೆ ಒಬ್ಬರು ನಿಂತಿರುತ್ತಾರೆ, ನೋಡಿರಬಹುದು. ಪ್ರಾರ್ಥಿಸುವವರು ಹೆಗಲ ಮೇಲೆ ಕೈ ಇಡುವ ಮೊದಲು ಇಡಬಹುದಾ ಅಂತ ಕೇಳುತ್ತಾರೆ. ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಯಾರೂ ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ. ಪ್ರವಾದನೆ ಇದೆ, ಅಂದರೆ ದೇವರು ತಮ್ಮ ಮೂಲಕ ಒಂದು ಮಾತು ಹೇಳಿಸುತ್ತಿದ್ದಾನೆ ಅನ್ನುವವರು ಮೊದಲು ಹಿರಿಯರ ಹತ್ತಿರ ಹೇಳಬೇಕು, ಆಮೇಲೆ ಮೈಕ್. ಮಕ್ಕಳ ತರಗತಿ ನೋಡಿಕೊಳ್ಳುವವರು ಪೊಲೀಸ್ ಪರಿಶೀಲನೆಯ ಪತ್ರ ಕೊಡಬೇಕು.

ಪವಿತ್ರಾತ್ಮ ಇರುವ ಕಡೆ ನಿಯಮ ಯಾಕೆ ಅಂತ ಯಾರಾದರೂ ಕೇಳಿದರೆ ಬೈಬಲಿನಲ್ಲಿ ಪೌಲನ ಮಾತು ತೋರಿಸು. ಕೊರಿಂಥದವರಿಗೆ ಬರೆದ ಮೊದಲ ಪತ್ರ, 14ನೇ ಅಧ್ಯಾಯ: ಅನ್ಯಭಾಷೆಯಲ್ಲಿ ಮಾತಾಡುವವರು ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು. ಎಲ್ಲರೂ ಒಟ್ಟಿಗೆ ಕೂಗುವುದಕ್ಕೆ ಇದು ಅನ್ವಯಿಸುತ್ತದಾ ಅನ್ನುವ ವಾದ ಇನ್ನೂ ಮುಗಿದಿಲ್ಲ, ಅದು ಬೇರೆ. ನನ್ನ ಮಟ್ಟಿಗೆ, 'ಬೀಳಲಿಲ್ಲ ಅಂದ್ರೆ ನಿನ್ನಲ್ಲಿ ಏನೋ ತಡೆ ಇದೆ' ಅನ್ನುವ ಜಾಗದಲ್ಲಿ ಎರಡನೇ ಸಲ ಕೂರಬಾರದು.

ಹಾಗಂತ ಜೋರು ಆರಾಧನೆ ಬಿಟ್ಟುಬಿಡು ಅನ್ನುತ್ತಿಲ್ಲ. ಮೊದಲು ಅರ್ಧ ಮುಕ್ಕಾಲು ಗಂಟೆ ಹಾಡು, ಪದಗಳೆಲ್ಲ ಪರದೆ ಮೇಲೆ ಬರುತ್ತವೆ. ಡ್ರಮ್ಸ್ ಸದ್ದಿಗೆ ಎದೆ ನಡುಗುತ್ತದೆ, ಹಿಂದಿನ ಸಾಲು ಒಳ್ಳೆಯದು. ಆಮೇಲೆ ಹಾಡು ತಗ್ಗಿ ಎಲ್ಲರೂ ಒಟ್ಟಿಗೆ ಬಾಯಿಬಿಟ್ಟು ಪ್ರಾರ್ಥಿಸುವ ಹೊತ್ತು ಬರುತ್ತದೆ ನೋಡು, ಅದು ನಮ್ಮಂಥವರಿಗೆ ಸಿಕ್ಕ ವರ. ಪಕ್ಕದಲ್ಲಿ ನೈಜೀರಿಯಾದ ಅಮ್ಮ ತನ್ನ ಭಾಷೆಯಲ್ಲಿ, ಹಿಂದೆ ಫಿಲಿಪೀನ್ಸ್‌ನ ನರ್ಸ್ ತನ್ನದರಲ್ಲಿ, ಮುಂದೆ ಜಾಫ್ನಾದ ತಾತ ತಮಿಳಿನಲ್ಲಿ. ನೀನು ಗಟ್ಟಿಯಾಗಿ ಕನ್ನಡದಲ್ಲಿ ಫೀಸಿನ ಚಿಂತೆ, ಅಪ್ಪನ ಬೆನ್ನುನೋವು, ಮ್ಯಾನೇಜರ್ ಕಾಟ ಎಲ್ಲ ಹೇಳಿಕೋ. ವಾರವಿಡೀ ಇಂಗ್ಲಿಷ್ ಮಾತಾಡಿ ಸುಸ್ತಾದ ನಾಲಿಗೆಗೆ ಅಷ್ಟು ಹೊತ್ತು ರಜೆ. ಊರಲ್ಲಿ ಮನೆಯೊಳಗೆ ನಾಲ್ಕು ಜನ ಸೇರಿ ಹಾಡಿದರೂ 'ಏನ್ರೀ ನಡೀತಿದೆ ಇಲ್ಲಿ' ಅಂತ ಯಾರು ಬಂದು ಕೇಳುತ್ತಾರೋ ಅನ್ನುವ ಅಳುಕು ಇತ್ತೀಚೆಗೆ ಇದೆ ಅಲ್ವಾ? ಇಲ್ಲಿ ಪಕ್ಕದ ಮನೆಯವರ ತಕರಾರು ಕಾರ್ ಪಾರ್ಕಿಂಗಿನದು ಮಾತ್ರ.

ಆದರೆ ದೊಡ್ಡ ಹಾಲ್‌ನಲ್ಲಿ ಸ್ನೇಹ ಸಿಗುತ್ತದೆ ಅಂದುಕೊಳ್ಳಬೇಡ. ಹೇಗಿದ್ದೀಯ ಅನ್ನುತ್ತಾರೆ, ಉತ್ತರ ಹೇಳುವಷ್ಟರಲ್ಲಿ ಮುಂದಿನವರ ಕೈ ಕುಲುಕುತ್ತಿರುತ್ತಾರೆ. ವಾರದ ಮಧ್ಯೆ ಯಾರದ್ದಾದರೂ ಮನೆಯಲ್ಲಿ ಸೇರುವ ಚಿಕ್ಕ ಗುಂಪು ಹುಡುಕು. ಎಂಟು ಹತ್ತು ಜನ ಇರುತ್ತಾರೆ, ಒಂದು ವಾಕ್ಯಭಾಗ ಓದುತ್ತಾರೆ, ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಎರಡು ವಾರ ಕಾಣದಿದ್ದರೆ ಫೋನ್ ಬರುವುದು ಅಲ್ಲಿಂದಲೇ. ಏಳು ಗಂಟೆ ಅಂದರೆ ಏಳೇ. ಊರಿನ ಉಪವಾಸ ಪ್ರಾರ್ಥನೆಯ ಹಾಗೆ ರಾತ್ರಿಯೆಲ್ಲ ಎಳೆಯುವುದಿಲ್ಲ. ಒಂದು ಡಬ್ಬಿ ಚಿತ್ರಾನ್ನ ಒಯ್ಯಿ, ಡಬ್ಬಿ ಖಾಲಿಯಾಗಿಯೇ ವಾಪಸ್ ಬರುತ್ತದೆ.

ಕಾಣಿಕೆ ಚಿಂತೆ ಬಿಡು. ಸಾಲ ಮಾಡಿ ಬಂದ ವಿದ್ಯಾರ್ಥಿಯಿಂದ ದಶಮಾಂಶ, ಅಂದರೆ ದುಡಿಮೆಯ ಹತ್ತರಲ್ಲಿ ಒಂದು ಭಾಗ ಕೇಳುವವರ ಹತ್ತಿರ ಸುಳಿಯಬೇಡ. ನೋಂದಾಯಿತ ಧರ್ಮಸಂಸ್ಥೆ ಹೌದೋ ಅಲ್ಲವೋ ಅನ್ನುವುದು ಕೆನಡಾ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಸಿಗುತ್ತದೆ, ಹಾಗಿದ್ದರೆ ಕೊಟ್ಟ ಹಣಕ್ಕೆ ತೆರಿಗೆ ರಸೀದಿಯೂ ಕೊಡುತ್ತಾರೆ. ಪ್ರಾರ್ಥನೆಯಲ್ಲಿ ಪರಿಚಯವಾದ ಅಣ್ಣ ಎಲ್‌ಎಂಐಎ (ಹೊರದೇಶದವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಮಾಲೀಕರು ಸರ್ಕಾರದಿಂದ ಪಡೆಯುವ ಒಪ್ಪಿಗೆ) ಮಾಡಿಸಿಕೊಡುತ್ತೇನೆ, ಇಷ್ಟು ಸಾವಿರ ಡಾಲರ್ ಕೊಡು ಅಂದರೆ ಎದ್ದು ಬಾ. ಕೆಲಸಕ್ಕೆ ದುಡ್ಡು ತಗೊಳ್ಳುವುದು ಕಾನೂನಿಗೆ ವಿರುದ್ಧ. ಹಣ ಪಡೆದು ವಲಸೆ ಸಲಹೆ ಕೊಡುವುದಕ್ಕೆ ವಕೀಲರಿಗೆ ಮತ್ತು ಲೈಸೆನ್ಸ್ ಇರುವವರಿಗೆ ಮಾತ್ರ ಅವಕಾಶ. ಸ್ತೋತ್ರ ಹೇಳಿಯೇ ಕೇಳುತ್ತಾರೆ, ಅದೇ ತೊಂದರೆ.

ಸ್ವಸ್ಥತೆಗೆ ಪ್ರಾರ್ಥನೆ ಮಾಡಿಸಿಕೋ, ಮಾತ್ರೆ ನಿಲ್ಲಿಸಬೇಡ. ಚಳಿಗಾಲದಲ್ಲಿ ನಾಲ್ಕೂಮುಕ್ಕಾಲಿಗೆ ಕತ್ತಲೆಯಾದಾಗ ಮನಸ್ಸು ಕುಸಿಯುವುದುಂಟು. ಅದು ದುರಾತ್ಮ ಅಂತ ಯಾರಾದರೂ ಅಂದರೆ ನಂಬಬೇಡ, ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗು. ಬದುಕೇ ಬೇಡ ಅನ್ನಿಸಿದರೆ 988ಕ್ಕೆ ಫೋನ್ ಮಾಡು, ಹಗಲು ರಾತ್ರಿ ಎತ್ತುತ್ತಾರೆ.

ಇನ್ನು ಅಮ್ಮನ ವಿಷಯ. ಅವರು ದೀಕ್ಷಾಸ್ನಾನ ಅನ್ನುವುದೇ ನಮ್ಮ ಜ್ಞಾನಸ್ನಾನ. ಅದು ಒಂದೇ ಸಲ ಅನ್ನುವುದು ಕಥೋಲಿಕ ಸಭೆಯ ಬೋಧನೆ. ಮಗುವಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ, ಅರಿವು ಬಂದ ಮೇಲೆ ನೀರಲ್ಲಿ ಮುಳುಗಬೇಕು ಅನ್ನುತ್ತಾರೆ ಪೆಂತೆಕೊಸ್ತಿನವರು, ಅಂದರೆ ಅಝೂಸಾ ಬೀದಿಯ ಪರಂಪರೆಯ ಸಭೆಗಳವರು. ಇದರಲ್ಲಿ ನಡುದಾರಿ ಇಲ್ಲ, ಒತ್ತಾಯಕ್ಕೆ ಒಪ್ಪುವಂಥದ್ದೂ ಅಲ್ಲ. ಮೊದಲ ವರ್ಷ ಏನನ್ನೂ ತೀರ್ಮಾನಿಸಬೇಡ. ಕ್ಯಾರಿಸ್ಮ್ಯಾಟಿಕ್ ಪ್ರಾರ್ಥನೆ ಬೇಕು ಅನ್ನುವ ಕಾರಣಕ್ಕೆ ಪೂಜೆ ಬಿಡಬೇಕಾಗಿಯೂ ಇಲ್ಲ. ಇಲ್ಲಿನ ಕಥೋಲಿಕ ಚರ್ಚುಗಳಲ್ಲೂ ಅಂಥ ಗುಂಪುಗಳಿವೆ, ಫಿಲಿಪೀನ್ಸಿನವರದ್ದು, ಮಲಯಾಳಿಗಳದ್ದು. ನಿನ್ನ ಮನೆ ಹತ್ತಿರದ ಚರ್ಚ್ ಆಫೀಸಿಗೆ ಹೋಗಿ ಕೇಳು. ಅಮ್ಮನಿಗೆ ಇಷ್ಟು ಹೇಳು ಸಾಕು: ಪೂಜೆಗೆ ಹೋಗುತ್ತಿದ್ದೇನೆ, ಯಾರೂ ನನ್ನನ್ನು ಮುಳುಗಿಸಿಲ್ಲ.

ನಮ್ಮ ಗುಂಪು ಬುಧವಾರ ಮಿಸ್ಸಿಸಾಗಾದಲ್ಲಿ ಸೇರುತ್ತದೆ. ಅವತ್ತು ಶಿಫ್ಟ್ ಇಲ್ಲದಿದ್ದರೆ ಮಂಗಳವಾರದೊಳಗೆ ತಿಳಿಸು, ನಮ್ಮ ಮನೆಯವರು ಕಾರಲ್ಲಿ ಬಂದು ಕರೆದುಕೊಂಡು ಬರುತ್ತಾರೆ.